ಫ್ಲಾರೆನ್ಸ್ ನೈಟಿಂಗೇಲ್

ಫ್ಲಾರೆನ್ಸ್ ನೈಟಿಂಗೇಲ್ (12 ಮೇ 1820 – 13 ಆಗಸ್ಟ್ 1910) ಅವರು ಆಧುನಿಕ ಶುಶ್ರೂಷಾ ವೃತ್ತಿಗೆ ತಳಹದಿ ಹಾಕಿದ ಇಂಗ್ಲೆಂಡಿನ ಸಮಾಜ ಸುಧಾರಕಿ, ಸಂಖ್ಯಾಶಾಸ್ತ್ರಜ್ಞೆ ಮತ್ತು ಲೇಖಕಿ. ಕ್ರಿಮಿಯಾ ಯುದ್ಧದಲ್ಲಿ ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಆರೈಕೆ ಮಾಡಿದ ಇವರು 'ದೀಪಧಾರಿಣಿ' ಎಂಬ ಹೆಸರಿನಿಂದ ಲೋಕಪ್ರಸಿದ್ಧರಾದರು. ಆದರೆ ಯುದ್ಧಭೂಮಿಯ ಸಮೀಪ ಇವರು ಕಳೆದದ್ದು ಎರಡು ವರ್ಷಗಳಿಗೂ ಕಡಿಮೆ ಅವಧಿ. ಆಸ್ಪತ್ರೆಗೆ ಬಂದ ರೋಗಿ ಆಸ್ಪತ್ರೆಯಿಂದಲೇ ಸಾಯುವಂತಾಗಬಾರದು ಎಂಬ ಪಾಠವನ್ನು ಅಲ್ಲಿನ ಸಾವುಗಳಿಂದ ಕಲಿತು, ಮುಂದಿನ ಐದು ದಶಕಗಳ ಕಾಲ ಅದಕ್ಕಾಗಿ ದುಡಿದದ್ದು ಇವರ ನಿಜವಾದ ಸಾಧನೆ. ಇಂದು ಶುಶ್ರೂಷಾ ವಿದ್ಯಾರ್ಥಿಗಳು ಮೊದಲ ವರ್ಷದಲ್ಲಿ ಕಲಿಯುವ ಪರಿಸರ ನೈರ್ಮಲ್ಯ, ವಾಯುಸಂಚಾರ, ರೋಗಿಯ ವೀಕ್ಷಣೆ, ದಾಖಲೀಕರಣ, ಆರೈಕೆಯ ನಿರಂತರತೆ ಮೊದಲಾದ ಮೂಲ ಪರಿಕಲ್ಪನೆಗಳಲ್ಲಿ ಹಲವು ಇವರ ಬರಹಗಳಲ್ಲಿ ಸ್ಪಷ್ಟ ರೂಪ ಪಡೆದವು.

ಜನನ ಮತ್ತು ಮನೆತನ

ನೈಟಿಂಗೇಲ್ ಅವರು 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದರು. ಹುಟ್ಟಿದ ಊರಿನ ಹೆಸರನ್ನೇ ತಂದೆತಾಯಿಗಳು ಮಗಳಿಗೆ ಇಟ್ಟರು. ಒಂದು ವರ್ಷ ಮೊದಲು ನೇಪಲ್ಸ್‌ನಲ್ಲಿ ಹುಟ್ಟಿದ್ದ ಅಕ್ಕನಿಗೂ ಆ ನಗರದ ಪ್ರಾಚೀನ ಗ್ರೀಕ್ ಹೆಸರಾದ ಪಾರ್ಥೆನೋಪ್ ಎಂಬುದನ್ನೇ ಇಟ್ಟಿದ್ದರು. ತಂದೆ ವಿಲಿಯಂ ಎಡ್ವರ್ಡ್ ನೈಟಿಂಗೇಲ್ ಶ್ರೀಮಂತ ಭೂಮಾಲೀಕರು. ತಾಯಿ ಫ್ರಾನ್ಸಸ್. ತಾಯಿಯ ತಂದೆ ವಿಲಿಯಂ ಸ್ಮಿತ್ ಅವರು ಬ್ರಿಟಿಷ್ ಸಂಸತ್ತಿನ ಸದಸ್ಯರಾಗಿದ್ದು, ಗುಲಾಮಗಿರಿಯ ನಿರ್ಮೂಲನೆಗಾಗಿ ಹೋರಾಡಿದವರು. ಕುಟುಂಬಕ್ಕೆ ಇಂಗ್ಲೆಂಡಿನ ಡರ್ಬಿಷೈರ್‌ನಲ್ಲಿ ಲೀ ಹರ್ಸ್ಟ್, ಹ್ಯಾಂಪ್‌ಷೈರ್‌ನಲ್ಲಿ ಎಂಬ್ಲಿ ಪಾರ್ಕ್ ಎಂಬ ಎರಡು ದೊಡ್ಡ ಮನೆಗಳಿದ್ದವು.

ಶಿಕ್ಷಣ

ಆ ಕಾಲದಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಕೇಂಬ್ರಿಡ್ಜ್‌ನಲ್ಲಿ ಓದಿದ್ದ ತಂದೆಯೇ ಇಬ್ಬರು ಹೆಣ್ಣುಮಕ್ಕಳಿಗೂ ಗುರುವಾದರು. ಲ್ಯಾಟಿನ್, ಗ್ರೀಕ್, ಫ್ರೆಂಚ್, ಜರ್ಮನ್, ಇಟಾಲಿಯನ್ ಭಾಷೆಗಳನ್ನೂ ಇತಿಹಾಸ ಹಾಗೂ ತತ್ತ್ವಶಾಸ್ತ್ರವನ್ನೂ ಮನೆಯಲ್ಲಿಯೇ ಬೋಧಿಸಿದರು. ಫ್ಲಾರೆನ್ಸ್ ಅವರಿಗೆ ಗಣಿತದಲ್ಲಿ ವಿಶೇಷ ಆಸಕ್ತಿಯಿತ್ತು. ಆಸ್ಪತ್ರೆಗಳ ವರದಿಗಳನ್ನೂ ಅಂಕಿಅಂಶಗಳನ್ನೂ ಸಂಗ್ರಹಿಸಿ, ಮನೆಯವರು ಏಳುವ ಮೊದಲೇ ಬೆಳಗಿನ ಜಾವ ಕುಳಿತು ಅವುಗಳನ್ನು ಅಭ್ಯಾಸ ಮಾಡುವ ರೂಢಿಯನ್ನು ಅವರು ಯೌವನದಲ್ಲಿಯೇ ಬೆಳೆಸಿಕೊಂಡರು.

ಶುಶ್ರೂಷೆಯತ್ತ ಒಲವು ಮತ್ತು ಮನೆಯವರ ವಿರೋಧ

1837ರ ಫೆಬ್ರುವರಿಯಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ದೇವರು ತಮ್ಮನ್ನು ಸೇವೆಗೆ ಕರೆದನೆಂಬ ಅನುಭವ ಅವರಿಗಾಯಿತು. ಆ ಸೇವೆ ಯಾವುದು ಎಂಬುದು ಸ್ಪಷ್ಟವಾಗಲು ಕೆಲವು ವರ್ಷಗಳು ಬೇಕಾದವು. ರೋಗಿಗಳ ಆರೈಕೆಯೇ ತಮ್ಮ ದಾರಿ ಎಂದು ತಿಳಿಸಿ, 1845ರಲ್ಲಿ ಸಮೀಪದ ಆಸ್ಪತ್ರೆಯೊಂದರಲ್ಲಿ ಕೆಲಸ ಕಲಿಯಲು ಅನುಮತಿ ಕೇಳಿದಾಗ ಮನೆಯವರು ಬಲವಾಗಿ ವಿರೋಧಿಸಿದರು.

ಈ ವಿರೋಧಕ್ಕೆ ಕಾರಣವಿತ್ತು. ಅಂದಿನ ಆಸ್ಪತ್ರೆಗಳು ಬಡವರ ಆಶ್ರಯ ತಾಣಗಳಾಗಿದ್ದವು. ಉಳ್ಳವರು ಕಾಯಿಲೆಯಾದರೆ ಮನೆಯಲ್ಲಿಯೇ ಚಿಕಿತ್ಸೆ ಪಡೆಯುತ್ತಿದ್ದರು. ಕ್ರೈಸ್ತ ಸನ್ಯಾಸಿನಿಯರನ್ನು ಬಿಟ್ಟರೆ, ಕೂಲಿಗೆ ದುಡಿಯುವ ದಾದಿಯರಿಗೆ ಯಾವ ತರಬೇತಿಯೂ ಇರಲಿಲ್ಲ. ಅವರು ಕುಡುಕಿಯರು, ನಡತೆಗೆಟ್ಟವರು ಎಂಬ ಭಾವನೆ ಸಮಾಜದಲ್ಲಿ ಬೇರೂರಿತ್ತು. ಇಂಥ ಕೆಲಸಕ್ಕೆ ಸಿರಿವಂತ ಮನೆತನದ ಮಗಳು ಹೋಗುವುದು ಮಾನಹಾನಿಯೆಂದು ತಾಯಿ ಮತ್ತು ಅಕ್ಕ ನಂಬಿದ್ದರು. ಕವಿ ಹಾಗೂ ರಾಜಕಾರಣಿ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಅವರು ಹಲವು ವರ್ಷ ಕಾದು ಮುಂದಿಟ್ಟ ವಿವಾಹ ಪ್ರಸ್ತಾಪವನ್ನು ನೈಟಿಂಗೇಲ್ 1849ರಲ್ಲಿ ನಿರಾಕರಿಸಿದರು. ಜೀವನಪೂರ್ತಿ ಅವಿವಾಹಿತೆಯಾಗಿಯೇ ಉಳಿದರು.

ಕೈಸರ್ಸ್‌ವರ್ತ್‌ನಿಂದ ಲಂಡನ್ನಿಗೆ

ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಪಾದ್ರಿ ಥಿಯೋಡೋರ್ ಫ್ಲೀಡ್ನರ್ ಅವರು ಆಸ್ಪತ್ರೆ, ಅನಾಥಾಲಯ ಮತ್ತು ಶಾಲೆಗಳನ್ನೊಳಗೊಂಡ ಸೇವಾಸಂಸ್ಥೆಯನ್ನು ನಡೆಸುತ್ತಿದ್ದರು. ನೈಟಿಂಗೇಲ್ 1850ರಲ್ಲಿ ಅಲ್ಲಿಗೆ ಭೇಟಿ ನೀಡಿ, 1851ರಲ್ಲಿ ಸುಮಾರು ಮೂರು ತಿಂಗಳು ತಂಗಿ ತರಬೇತಿ ಪಡೆದರು. ಅವರು ಪಡೆದ ಕ್ರಮಬದ್ಧ ತರಬೇತಿ ಬಹುಮಟ್ಟಿಗೆ ಇಷ್ಟೇ.

1853ರ ಆಗಸ್ಟ್‌ನಲ್ಲಿ ಲಂಡನ್ನಿನ ಅಪ್ಪರ್ ಹಾರ್ಲಿ ಬೀದಿಯಲ್ಲಿದ್ದ, ಕಾಯಿಲೆಬಿದ್ದ ಗೌರವಸ್ಥ ಮಹಿಳೆಯರ ಆರೈಕೆ ಕೇಂದ್ರವೊಂದರ ಮೇಲ್ವಿಚಾರಕಿಯಾಗಿ ಅವರು ನೇಮಕಗೊಂಡರು. ಈ ಹುದ್ದೆಗೆ ಸಂಬಳವಿರಲಿಲ್ಲ. ಮಗಳ ಹಟಕ್ಕೆ ಮಣಿದ ತಂದೆ ವರ್ಷಕ್ಕೆ 500 ಪೌಂಡುಗಳ ಆದಾಯವನ್ನು ಗೊತ್ತುಮಾಡಿಕೊಟ್ಟರು. ಮಹಡಿಗಳಿಗೆ ಕೊಳವೆಯ ಮೂಲಕ ಬಿಸಿನೀರು, ಊಟವನ್ನು ಮೇಲಕ್ಕೆ ಸಾಗಿಸುವ ಏರುಯಂತ್ರ, ದಾದಿಯನ್ನು ಕರೆಯಲು ರೋಗಿಗಳಿಗೆ ಗಂಟೆ ಇವುಗಳ ವ್ಯವಸ್ಥೆ ಆಗಬೇಕೆಂದು ಅವರು ಪಟ್ಟುಹಿಡಿದರು. ದಾದಿಯ ಶಕ್ತಿ ಮೆಟ್ಟಿಲು ಹತ್ತಿ ಇಳಿಯುವುದರಲ್ಲಿ ವ್ಯಯವಾಗದೆ ರೋಗಿಗೆ ಸಲ್ಲಬೇಕು ಎಂಬುದು ಅವರ ಲೆಕ್ಕಾಚಾರವಾಗಿತ್ತು.

ಕ್ರಿಮಿಯಾ ಯುದ್ಧ

1854ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳು ತುರ್ಕಿಯ ಪರವಾಗಿ ರಷ್ಯಾದ ವಿರುದ್ಧ ಯುದ್ಧಕ್ಕಿಳಿದವು. ಕಪ್ಪು ಸಮುದ್ರದ ಕ್ರಿಮಿಯಾ ಪರ್ಯಾಯ ದ್ವೀಪದಲ್ಲಿ ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಹಡಗುಗಳಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದ ಎದುರು ದಡದ ಸ್ಕುಟಾರಿಗೆ ತರಲಾಗುತ್ತಿತ್ತು. ಇದು ಇಂದಿನ ಇಸ್ತಾಂಬುಲ್ ನಗರದ ಉಸ್ಕುದಾರ್ ಭಾಗ. ಅಲ್ಲಿ ತುರ್ಕಿ ಸೇನೆಯ ಬೃಹತ್ ಬ್ಯಾರಕ್ ಒಂದನ್ನು ಆಸ್ಪತ್ರೆಯಾಗಿ ಮಾರ್ಪಡಿಸಲಾಗಿತ್ತು. ಗಾಯಾಳುಗಳ ದುಃಸ್ಥಿತಿಯ ವರದಿಗಳು ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯಲ್ಲಿ ಪ್ರಕಟವಾಗಿ ಜನರು ರೊಚ್ಚಿಗೆದ್ದರು. ಯುದ್ಧ ಸಚಿವರಲ್ಲೊಬ್ಬರಾಗಿದ್ದ ಸಿಡ್ನಿ ಹರ್ಬರ್ಟ್ ಅವರು ನೈಟಿಂಗೇಲ್ ಅವರ ಸ್ನೇಹಿತರು. ದಾದಿಯರ ತಂಡವೊಂದನ್ನು ಕರೆದೊಯ್ಯುವಂತೆ ಅವರು ಕೋರಿದರು.

ನೈಟಿಂಗೇಲ್ ಅವರು 38 ಮಂದಿ ಮಹಿಳೆಯರೊಂದಿಗೆ 1854ರ ಅಕ್ಟೋಬರ್ 21ರಂದು ಲಂಡನ್ನಿನಿಂದ ಹೊರಟು, ನವೆಂಬರ್ 4ರಂದು ಸ್ಕುಟಾರಿ ತಲುಪಿದರು. ತಂಡದಲ್ಲಿ ಕ್ಯಾಥೋಲಿಕ್ ಸನ್ಯಾಸಿನಿಯರೂ, ಆಂಗ್ಲಿಕನ್ ಪಂಥದ ಸೇವಿಕೆಯರೂ, ಆಸ್ಪತ್ರೆಗಳಲ್ಲಿ ದುಡಿದಿದ್ದ ದಾದಿಯರೂ ಇದ್ದರು. ಸೇನಾ ವೈದ್ಯರಿಗೆ ಇವರ ಆಗಮನ ಇಷ್ಟವಿರಲಿಲ್ಲ. ವೈದ್ಯರು ಕೇಳುವ ತನಕ ಯಾವ ದಾದಿಯೂ ವಾರ್ಡಿಗೆ ಕಾಲಿಡಬಾರದೆಂದು ನೈಟಿಂಗೇಲ್ ಆಜ್ಞಾಪಿಸಿದರು. ಇಂಕರ್‌ಮನ್ ಕದನದ ಗಾಯಾಳುಗಳು ಕೆಲವೇ ದಿನಗಳಲ್ಲಿ ಹಡಗುಗಟ್ಟಲೆ ಬಂದಿಳಿದಾಗ ವೈದ್ಯರೇ ನೆರವು ಕೇಳಬೇಕಾಯಿತು.

ಆಸ್ಪತ್ರೆಯಲ್ಲಿ ಹಾಸಿಗೆ, ಅಂಗಿ, ಬಟ್ಟಲು, ಸಾಬೂನುಗಳಿಗೂ ಕೊರತೆಯಿತ್ತು. ಕೊಳೆತ ಗಾಯ, ಹೇನು, ಅತಿಸಾರ, ಕಾಲರಾ ಮತ್ತು ವಿಷಮಜ್ವರಗಳು ಎಲ್ಲೆಡೆ ಹರಡಿದ್ದವು. ಸಾರ್ವಜನಿಕರು ಕೊಟ್ಟ ನಿಧಿಯಿಂದ ನೈಟಿಂಗೇಲ್ ಅವರು ಸಾಮಗ್ರಿಗಳನ್ನು ಖರೀದಿಸಿದರು, ಬಟ್ಟೆ ಒಗೆಯುವ ವ್ಯವಸ್ಥೆ ಮಾಡಿ ಸೈನಿಕರ ಹೆಂಡಂದಿರಿಗೆ ಅಲ್ಲಿ ಕೆಲಸ ಕೊಟ್ಟರು, ತೀವ್ರವಾಗಿ ಬಳಲಿದವರಿಗಾಗಿ ಪಥ್ಯದ ಅಡುಗೆಮನೆಗಳನ್ನು ತೆರೆದರು. ಮಡಿದವರ ಮನೆಗಳಿಗೆ ಪತ್ರ ಬರೆದರು. ರಾತ್ರಿ ಹೊತ್ತು ಕೈಯಲ್ಲಿ ದೀಪ ಹಿಡಿದು ವಾರ್ಡುಗಳಲ್ಲಿ ಸುತ್ತುತ್ತಿದ್ದುದರಿಂದ ಪತ್ರಿಕೆಗಳು ಅವರನ್ನು ದೀಪಧಾರಿಣಿಯೆಂದು ಚಿತ್ರಿಸಿದವು. ಆ ದೀಪವು ಚಿತ್ರಗಳಲ್ಲಿ ಕಾಣುವ ಹಣತೆಯಾಕಾರದ್ದಲ್ಲ, ಮಡಿಸಬಹುದಾದ ತುರ್ಕಿ ಲಾಂದ್ರ. 1855ರ ಮೇ ತಿಂಗಳಲ್ಲಿ ಕ್ರಿಮಿಯಾದ ಬಾಲಕ್ಲಾವಕ್ಕೆ ಹೋಗಿದ್ದಾಗ ಅವರು ತೀವ್ರ ಜ್ವರಕ್ಕೆ ತುತ್ತಾದರು. ಅದು ಬ್ರುಸೆಲ್ಲೋಸಿಸ್ ಆಗಿದ್ದಿರಬಹುದೆಂದು ನಂತರದ ವೈದ್ಯರು ಅಭಿಪ್ರಾಯಪಟ್ಟಿದ್ದಾರೆ. ಆ ಕಾಯಿಲೆಯ ಪರಿಣಾಮ ದಶಕಗಳ ಕಾಲ ಅವರನ್ನು ಕಾಡಿತು.

ಮರಣ ಪ್ರಮಾಣ ಮತ್ತು ಅದರ ಪಾಠ

ದಾದಿಯರು ಬಂದೊಡನೆ ಸ್ಕುಟಾರಿಯಲ್ಲಿ ಸಾವು ಇಳಿಯಿತೆಂಬುದು ಜನಪ್ರಿಯ ನಂಬಿಕೆ. ದಾಖಲೆಗಳು ಹೇಳುವುದು ಬೇರೆ. 1854–55ರ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಗಿ, ಫೆಬ್ರುವರಿಯಲ್ಲಿ ಆಸ್ಪತ್ರೆಗೆ ಸೇರಿದ ಪ್ರತಿ ನೂರು ಮಂದಿಯಲ್ಲಿ ಸುಮಾರು 42 ಮಂದಿ ಸತ್ತರು. ಕಟ್ಟಡದ ಕೆಳಗೆ ಕಟ್ಟಿಕೊಂಡಿದ್ದ ಚರಂಡಿಗಳು, ಗಾಳಿಯಾಡದ ವಾರ್ಡುಗಳು, ಕಲುಷಿತ ನೀರು ಹಾಗೂ ಮಿತಿಮೀರಿದ ಜನಸಂದಣಿ ಇದಕ್ಕೆ ಮುಖ್ಯ ಕಾರಣಗಳಾಗಿದ್ದವು.

1855ರ ಮಾರ್ಚ್ ತಿಂಗಳಲ್ಲಿ ಬ್ರಿಟಿಷ್ ಸರ್ಕಾರ ಕಳುಹಿಸಿದ ನೈರ್ಮಲ್ಯ ಆಯೋಗವು ಸ್ಕುಟಾರಿಗೆ ಬಂದಿತು. ವೈದ್ಯ ಜಾನ್ ಸದರ್ಲ್ಯಾಂಡ್ ಮತ್ತು ಎಂಜಿನಿಯರ್ ರಾಬರ್ಟ್ ರಾಲಿನ್‌ಸನ್ ಅದರ ಪ್ರಮುಖ ಸದಸ್ಯರು. ಆಯೋಗವು ಚರಂಡಿಗಳನ್ನು ತೊಳೆಸಿ, ಗಾಳಿಯ ಕಿಂಡಿಗಳನ್ನು ತೆರೆಯಿಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ನೀರಿನ ಮೂಲವನ್ನು ಶುದ್ಧಗೊಳಿಸಿತು. ಚಳಿಗಾಲ ಮುಗಿದು ಸಾಮಗ್ರಿಗಳ ಪೂರೈಕೆಯೂ ಸುಧಾರಿಸಿತು. ಬೇಸಿಗೆಯ ಹೊತ್ತಿಗೆ ಮರಣ ಪ್ರಮಾಣ ನೂರಕ್ಕೆ ಸುಮಾರು 2ಕ್ಕೆ ಇಳಿಯಿತು.

ಯುದ್ಧಕಾಲದಲ್ಲಿ ನೈಟಿಂಗೇಲ್ ಅವರು ಈ ಸಾವುಗಳಿಗೆ ಆಹಾರದ ಕೊರತೆ, ಸೈನಿಕರ ಅತಿಯಾದ ದಣಿವು ಮತ್ತು ಅವರನ್ನು ಆಸ್ಪತ್ರೆಗೆ ತಡವಾಗಿ ತಂದದ್ದು ಇವುಗಳನ್ನೇ ಹೆಚ್ಚಾಗಿ ಕಾರಣವೆಂದು ಭಾವಿಸಿದ್ದರು. 1856ರ ಆಗಸ್ಟ್‌ನಲ್ಲಿ ಊರಿಗೆ ಮರಳಿದ ಮೇಲೆ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರ ನೆರವಿನಿಂದ ಅಂಕಿಅಂಶಗಳನ್ನು ಪರಿಶೀಲಿಸಿದಾಗ ಆಸ್ಪತ್ರೆಯ ಕೊಳಕೇ ಅನೇಕರ ಜೀವ ತೆಗೆದಿತ್ತೆಂಬುದು ಅವರಿಗೆ ಮನವರಿಕೆಯಾಯಿತೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ತಮ್ಮ ಕಣ್ಣೆದುರಿನಲ್ಲೇ, ತಾವು ಹಗಲಿರುಳು ದುಡಿದ ಕಟ್ಟಡದಲ್ಲೇ ಇದು ನಡೆದಿತ್ತೆಂಬ ಅರಿವು ಅವರ ಮುಂದಿನ ಬದುಕಿನ ದಿಕ್ಕನ್ನು ನಿರ್ಧರಿಸಿತು. ಅವರು ಸನ್ಮಾನ ಸಭೆಗಳಿಂದ ದೂರ ಉಳಿದು ವರದಿಗಳ ರಚನೆಯಲ್ಲಿ ತೊಡಗಿದರು.

ಸಂಖ್ಯಾಶಾಸ್ತ್ರಕ್ಕೆ ಕೊಡುಗೆ

ಸೇನೆಯ ಆರೋಗ್ಯ ಕುರಿತು 1857ರಲ್ಲಿ ರಾಯಲ್ ಆಯೋಗವೊಂದು ನೇಮಕವಾಯಿತು. ಮಹಿಳೆಯಾದ್ದರಿಂದ ನೈಟಿಂಗೇಲ್ ಅದರ ಸದಸ್ಯೆಯಾಗಲು ಸಾಧ್ಯವಿರಲಿಲ್ಲ. ಆದರೂ ಅದರ ಕೆಲಸದ ಬಹುಪಾಲು ಅವರ ಸಿದ್ಧತೆಯ ಮೇಲೆಯೇ ನಡೆಯಿತು. ಯುದ್ಧವಿಲ್ಲದ ಕಾಲದಲ್ಲಿಯೂ ಬ್ಯಾರಕ್‌ಗಳಲ್ಲಿ ವಾಸಿಸುವ ತರುಣ ಸೈನಿಕರ ಮರಣ ಪ್ರಮಾಣವು ಅದೇ ವಯಸ್ಸಿನ ನಾಗರಿಕರ ಮರಣ ಪ್ರಮಾಣದ ಸುಮಾರು ಎರಡರಷ್ಟಿದೆ ಎಂಬುದನ್ನು ಅವರು ತೋರಿಸಿಕೊಟ್ಟರು.

ಅಂಕಿಗಳ ಉದ್ದನೆಯ ಪಟ್ಟಿಯನ್ನು ಮಂತ್ರಿಗಳು ಓದುವುದಿಲ್ಲವೆಂದು ತಿಳಿದಿದ್ದ ಅವರು ವೃತ್ತಾಕಾರದ ಚಿತ್ರವೊಂದನ್ನು ರೂಪಿಸಿದರು. ಅದರಲ್ಲಿ ಪ್ರತಿ ತಿಂಗಳಿಗೂ ಒಂದು ಭಾಗ. ತಡೆಯಬಹುದಾಗಿದ್ದ ರೋಗಗಳ ಸಾವಿಗೆ ನೀಲಿ, ಗಾಯಗಳ ಸಾವಿಗೆ ಕೆಂಪು, ಇತರ ಕಾರಣಗಳಿಗೆ ಕಪ್ಪು ಬಣ್ಣ. ಯುದ್ಧದ ಗಾಯಗಳಿಗಿಂತ ರೋಗಗಳೇ ಹೆಚ್ಚು ಸೈನಿಕರನ್ನು ಕೊಂದವೆಂಬುದು ನೋಡಿದೊಡನೆ ತಿಳಿಯುವಂತಿತ್ತು. 1858ರಲ್ಲಿ ಅವರು ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆಯಾದರು.

ಶುಶ್ರೂಷೆಯ ಮೂಲ ಪರಿಕಲ್ಪನೆಗಳು

1859ರಲ್ಲಿ ಸಿದ್ಧವಾದ 'ನೋಟ್ಸ್ ಆನ್ ನರ್ಸಿಂಗ್' ಅವರ ಅತ್ಯಂತ ಪ್ರಸಿದ್ಧ ಕೃತಿ. ಇದು ವೃತ್ತಿಪರ ದಾದಿಯರಿಗಾಗಿ ಬರೆದ ಪಠ್ಯಪುಸ್ತಕವಲ್ಲ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಸಾಮಾನ್ಯ ಮಹಿಳೆಯರನ್ನು ಉದ್ದೇಶಿಸಿದ್ದು. ರೋಗವನ್ನು ಗುಣಪಡಿಸುವುದು ಪ್ರಕೃತಿ, ಆ ಕೆಲಸಕ್ಕೆ ಅಡ್ಡಿಯಾಗದಂತೆ ರೋಗಿಯನ್ನು ಅತ್ಯುತ್ತಮ ಸ್ಥಿತಿಯಲ್ಲಿ ಇರಿಸುವುದೇ ಶುಶ್ರೂಷೆ ಎಂಬುದು ಅದರ ಮುಖ್ಯ ವಾದ. ಇದನ್ನೇ ಇಂದು ಶುಶ್ರೂಷಾ ಶಾಸ್ತ್ರದಲ್ಲಿ ಪರಿಸರ ಸಿದ್ಧಾಂತ ಎಂದು ಕರೆಯುತ್ತಾರೆ. ಆ ಕೃತಿಯ ಪ್ರಮುಖ ಪರಿಕಲ್ಪನೆಗಳು ಹೀಗಿವೆ:

• ವಾಯುಸಂಚಾರ: ಕೋಣೆಯ ಒಳಗಿನ ಗಾಳಿ ಹೊರಗಿನ ಗಾಳಿಯಷ್ಟೇ ಶುದ್ಧವಾಗಿರಬೇಕು, ಆದರೆ ರೋಗಿಗೆ ಚಳಿಯಾಗಬಾರದು. ಇದನ್ನು ಅವರು ಶುಶ್ರೂಷೆಯ ಮೊದಲ ನಿಯಮವೆಂದು ಪರಿಗಣಿಸಿದರು.

• ಆರೋಗ್ಯಕರ ಮನೆಯ ಐದು ಅಂಶಗಳು: ಶುದ್ಧ ಗಾಳಿ, ಶುದ್ಧ ನೀರು, ಸಮರ್ಪಕ ಚರಂಡಿ, ಸ್ವಚ್ಛತೆ ಮತ್ತು ಬೆಳಕು.

• ವೈಯಕ್ತಿಕ ಸ್ವಚ್ಛತೆ: ರೋಗಿಯ ಮೈಯನ್ನು ಶುಚಿಯಾಗಿಡುವುದರ ಜೊತೆಗೆ, ದಾದಿಯು ದಿನದಲ್ಲಿ ಪದೇ ಪದೇ ಕೈತೊಳೆದುಕೊಳ್ಳಬೇಕು. ಇಂದಿನ ಸೋಂಕು ನಿಯಂತ್ರಣದಲ್ಲಿ ಕೈಗಳ ಸ್ವಚ್ಛತೆಗೆ ಪ್ರಥಮ ಸ್ಥಾನವಿದೆ.

• ಹಾಸಿಗೆ ಮತ್ತು ಹಾಸಿಗೆ ಹುಣ್ಣು: ಒಂದೇ ಭಂಗಿಯಲ್ಲಿ ಬಹಳ ಕಾಲ ಮಲಗಿದಾಗ ಒತ್ತಡ ಬೀಳುವ ಜಾಗದಲ್ಲಿ ಚರ್ಮ ಕೆಟ್ಟು ಆಗುವ ಹುಣ್ಣೇ ಹಾಸಿಗೆ ಹುಣ್ಣು. ಇದು ಸಾಮಾನ್ಯವಾಗಿ ರೋಗದ ದೋಷವಲ್ಲ, ಆರೈಕೆಯ ದೋಷ ಎಂದು ಅವರು ಎಚ್ಚರಿಸಿದರು. ರೋಗಿಯ ಭಂಗಿಯನ್ನು ಆಗಾಗ ಬದಲಿಸುವುದು ಈಗಲೂ ವಿದ್ಯಾರ್ಥಿಗಳಿಗೆ ಕಲಿಸುವ ಪ್ರಾಥಮಿಕ ಕೌಶಲ.

• ಆಹಾರ: ಏನನ್ನು ಕೊಡಬೇಕು ಎಂಬುದರಷ್ಟೇ ಯಾವ ಹೊತ್ತಿಗೆ ಕೊಡಬೇಕು ಎಂಬುದೂ ಮುಖ್ಯ. ರೋಗಿ ಮುಟ್ಟದ ಊಟವನ್ನು ಹಾಸಿಗೆಯ ಪಕ್ಕದಲ್ಲಿ ಬಿಡಬಾರದು.

• ಸದ್ದು: ಅನಗತ್ಯ ಸದ್ದು ರೋಗಿಗೆ ಹಿಂಸೆ. ಮಲಗಿದವರನ್ನು ದಿಢೀರನೆ ಎಬ್ಬಿಸುವುದು, ಕೋಣೆಯೊಳಗೆ ಪಿಸುಮಾತಿನಲ್ಲಿ ಚರ್ಚಿಸುವುದು ಇವೆರಡನ್ನೂ ಅವರು ಖಂಡಿಸಿದರು.

• ವೀಕ್ಷಣೆ: ರೋಗಿಯಲ್ಲಿ ಏನು ಬದಲಾಗಿದೆ ಎಂಬುದನ್ನು ಗಮನಿಸಿ ನಿಖರವಾಗಿ ತಿಳಿಸುವುದು ದಾದಿಯ ಪ್ರಧಾನ ಕರ್ತವ್ಯ. ರಾತ್ರಿ ನಿದ್ದೆ ಚೆನ್ನಾಗಿ ಬಂತೇ ಎಂದು ಕೇಳಿದರೆ ಉಪಯುಕ್ತ ಉತ್ತರ ಸಿಗುವುದಿಲ್ಲ. ಎಷ್ಟು ಗಂಟೆ ನಿದ್ದೆ ಬಂತು, ಯಾವ ಹೊತ್ತಿನಲ್ಲಿ ಎಚ್ಚರವಾಯಿತು ಎಂದು ಕೇಳಬೇಕು. ರೋಗಿ ತಾನೇ ಹೇಳಿಕೊಳ್ಳುವ ತೊಂದರೆ ಮತ್ತು ದಾದಿ ಕಂಡು ಅಳೆಯುವ ಲಕ್ಷಣ ಇವುಗಳನ್ನು ಇಂದು ಬೇರೆ ಬೇರೆಯಾಗಿ ದಾಖಲಿಸಲಾಗುತ್ತದೆ.

• ಆರೈಕೆಯ ನಿರಂತರತೆ: ದಾದಿ ಎದುರಿಗಿದ್ದಾಗ ನಡೆಯುವ ಕೆಲಸ ಆಕೆ ಇಲ್ಲದಾಗಲೂ ನಡೆಯುವಂತೆ ವ್ಯವಸ್ಥೆಯಾಗಬೇಕು. ಪಾಳಿ ಬದಲಾಗುವಾಗ ರೋಗಿಯ ವಿವರಗಳನ್ನು ಮುಂದಿನವರಿಗೆ ಒಪ್ಪಿಸುವ ಇಂದಿನ ಪದ್ಧತಿಯ ಹಿಂದೆ ಇರುವುದೂ ಇದೇ ತತ್ತ್ವ.

• ಹುಸಿ ಭರವಸೆಯ ನಿಷೇಧ: ನಿಮಗೆ ಏನೂ ಆಗಿಲ್ಲ ಎಂದು ಹಗುರವಾಗಿ ಸಮಾಧಾನ ಹೇಳುವುದು ರೋಗಿಯನ್ನು ಒಂಟಿಯಾಗಿಸುತ್ತದೆ.

ತರಬೇತಿ ಶಾಲೆ

ಯುದ್ಧ ನಡೆಯುತ್ತಿದ್ದಾಗಲೇ ಜನರು ಕೃತಜ್ಞತೆಯಿಂದ ಸಂಗ್ರಹಿಸಲಾರಂಭಿಸಿದ ನೈಟಿಂಗೇಲ್ ನಿಧಿಯು ಸುಮಾರು 45,000 ಪೌಂಡುಗಳಷ್ಟಾಯಿತು. ಅದರ ನೆರವಿನಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಮೊದಲ ತಂಡದಲ್ಲಿ 15 ಮಂದಿ ಇದ್ದರು. ಒಂದು ವರ್ಷದ ತರಬೇತಿಯಲ್ಲಿ ವಾರ್ಡಿನ ಕೆಲಸ, ವೈದ್ಯರ ಉಪನ್ಯಾಸ, ವಸತಿಗೃಹದ ಶಿಸ್ತು ಎಲ್ಲವೂ ಸೇರಿದ್ದವು. ಧಾರ್ಮಿಕ ಪಂಥಕ್ಕೆ ಅಂಟಿಕೊಳ್ಳದೆ ಶುಶ್ರೂಷೆಯನ್ನು ಗೌರವಯುತ ವೃತ್ತಿಯಾಗಿ ಕಲಿಸಿದ್ದು ಇದರ ವೈಶಿಷ್ಟ್ಯ. ಇಲ್ಲಿ ಕಲಿತವರು ಲಿವರ್‌ಪೂಲ್‌ನ ಬಡವರ ಆಸ್ಪತ್ರೆಗೂ, ದೂರದ ಆಸ್ಟ್ರೇಲಿಯಾದ ಸಿಡ್ನಿಗೂ ಹೋಗಿ ಸೇವೆ ಸಲ್ಲಿಸಿದರು.

ಸೂಲಗಿತ್ತಿಯರ ತರಬೇತಿಗಾಗಿ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ತೆರೆದ ವಾರ್ಡಿನಲ್ಲಿ ಬಾಣಂತಿ ಜ್ವರದಿಂದ ಸಾವುಗಳಾದಾಗ, 1867ರಲ್ಲಿ ಅದನ್ನು ಮುಚ್ಚಲಾಯಿತು. ನೈಟಿಂಗೇಲ್ ಈ ವೈಫಲ್ಯವನ್ನು ಮರೆಮಾಚದೆ ಹೆರಿಗೆ ಆಸ್ಪತ್ರೆಗಳ ಮರಣ ಪ್ರಮಾಣಗಳನ್ನು ಕಲೆಹಾಕಿ, 1871ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಭಾರತದೊಂದಿಗೆ ಸಂಬಂಧ

ನೈಟಿಂಗೇಲ್ ಭಾರತಕ್ಕೆ ಎಂದೂ ಬರಲಿಲ್ಲ. ಆದರೂ ಸುಮಾರು ನಲವತ್ತು ವರ್ಷ ಭಾರತದ ಆರೋಗ್ಯದ ಬಗ್ಗೆ ಅಧ್ಯಯನ ಮಾಡಿದರು. 1859ರಲ್ಲಿ ನೇಮಕವಾದ, ಭಾರತದಲ್ಲಿನ ಸೇನೆಯ ನೈರ್ಮಲ್ಯ ಕುರಿತ ರಾಯಲ್ ಆಯೋಗಕ್ಕಾಗಿ ಅವರು ಪ್ರಶ್ನಾವಳಿಗಳನ್ನು ಸಿದ್ಧಪಡಿಸಿ ಇಲ್ಲಿನ ಸೇನಾ ನೆಲೆಗಳಿಗೆ ಕಳುಹಿಸಲು ನೆರವಾದರು. ಬಂದ ಉತ್ತರಗಳನ್ನು ಪರಿಶೀಲಿಸಿ ಬರೆದ ಟಿಪ್ಪಣಿಗಳು 1863ರಲ್ಲಿ ಪ್ರಕಟವಾದವು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂಬುದು ಆ ವರದಿಯಿಂದ ತಿಳಿದುಬಂತು. ಬೆಂಗಳೂರು ದಂಡಿನ ವಿಷಯವೂ ಆ ಟಿಪ್ಪಣಿಗಳಲ್ಲಿದೆ. ಕುಡಿಯಲು ಬಳಸುತ್ತಿದ್ದ ಹಲಸೂರು ಕೆರೆಗೇ ಬಜಾರಿನ ಕೊಚ್ಚೆನೀರು ಹರಿದು ಸೇರುತ್ತಿದ್ದುದನ್ನು ಅವರು ಕಟುವಾಗಿ ಎತ್ತಿ ತೋರಿಸಿದರು. ಸುಧಾರಣೆಗಳ ಬಳಿಕ, 1873ರ ಹೊತ್ತಿಗೆ, ಸೈನಿಕರ ಮರಣ ಪ್ರಮಾಣ ಸಾವಿರಕ್ಕೆ 18ಕ್ಕೆ ಇಳಿಯಿತು.

ಕ್ರಮೇಣ ಅವರ ಗಮನ ಸೈನಿಕರಿಂದ ಹಳ್ಳಿಯ ಜನರತ್ತ ಹೊರಳಿತು. ಮೈಸೂರು ಸಂಸ್ಥಾನವನ್ನೂ ಮದ್ರಾಸ್ ಪ್ರಾಂತವನ್ನೂ ತತ್ತರಿಸಿದ 1876–78ರ ಭೀಕರ ಕ್ಷಾಮದ ಕಾಲದಲ್ಲಿ, ನೀರಾವರಿಯ ಅಗತ್ಯ, ರೈತರ ಸಾಲ ಮತ್ತು ಹಸಿವಿನ ಕುರಿತು ಬ್ರಿಟಿಷ್ ಪತ್ರಿಕೆಗಳಲ್ಲಿ ಬರೆದು ಆಡಳಿತಗಾರರನ್ನು ಎಚ್ಚರಿಸಿದರು. ನೀರಾವರಿ ತಜ್ಞ ಆರ್ಥರ್ ಕಾಟನ್ ಅವರ ವಿಚಾರಗಳನ್ನು ಬೆಂಬಲಿಸಿದರು.

ಮಿತಿಗಳು ಮತ್ತು ವಿಮರ್ಶೆ

ಕೊಳಕಿನಿಂದ ಏಳುವ ಕೆಟ್ಟ ಗಾಳಿಯೇ ರೋಗಕ್ಕೆ ಕಾರಣವೆಂಬ ಅಂದಿನ ಅಭಿಪ್ರಾಯವನ್ನು ನೈಟಿಂಗೇಲ್ ಬಹುಕಾಲ ನಂಬಿದ್ದರು. ರೋಗಾಣು ಸಿದ್ಧಾಂತವನ್ನು ಒಪ್ಪಲು ಹಿಂಜರಿದರು. ಕಾರಣದ ವಿವರಣೆ ತಪ್ಪಾಗಿದ್ದರೂ ಅವರು ಸೂಚಿಸಿದ ಶುಚಿತ್ವದ ಕ್ರಮಗಳು ಫಲ ನೀಡಿದವು. ದಾದಿಯರನ್ನು ಪರೀಕ್ಷೆಯ ಮೂಲಕ ಸರ್ಕಾರ ನೋಂದಾಯಿಸಿಕೊಳ್ಳುವುದನ್ನೂ ಅವರು ವಿರೋಧಿಸಿದರು. ಒಳ್ಳೆಯ ನಡತೆಯನ್ನು ಪರೀಕ್ಷೆಯಿಂದ ಅಳೆಯಲಾಗದೆಂಬುದು ಅವರ ವಾದ. ಈ ವಿಷಯದಲ್ಲಿ ವೃತ್ತಿಯು ಅವರ ಮಾತನ್ನು ಮೀರಿ ಮುಂದೆ ಸಾಗಿತು.

ಜಮೈಕಾ ಮೂಲದ ಮೇರಿ ಸೀಕೋಲ್ ಅವರು ತಮ್ಮ ಸ್ವಂತ ಖರ್ಚಿನಿಂದ ಕ್ರಿಮಿಯಾಕ್ಕೆ ಬಂದು ಬಾಲಕ್ಲಾವದ ಸಮೀಪ ಸೈನಿಕರನ್ನು ಉಪಚರಿಸಿದ್ದರು. ನೈಟಿಂಗೇಲ್ ಅವರ ಕೀರ್ತಿಯ ನೆರಳಿನಲ್ಲಿ ಬಹುಕಾಲ ಮರೆಯಾಗಿದ್ದ ಅವರ ಸೇವೆಯನ್ನು ಇತ್ತೀಚಿನ ದಶಕಗಳಲ್ಲಿ ಗುರುತಿಸಲಾಗುತ್ತಿದೆ.

ಕೊನೆಯ ವರ್ಷಗಳು

ಅನಾರೋಗ್ಯದಿಂದಾಗಿ ನೈಟಿಂಗೇಲ್ ಅವರು ಬದುಕಿನ ಬಹುಭಾಗವನ್ನು ಲಂಡನ್ನಿನ ಮನೆಯ ಕೋಣೆಯಲ್ಲಿಯೇ ಕಳೆದರು. ಹಾಸಿಗೆಯಲ್ಲಿದ್ದುಕೊಂಡೇ ಸಾವಿರಾರು ಪತ್ರಗಳನ್ನು ಬರೆದರು. ಮಂತ್ರಿಗಳೂ ಭಾರತಕ್ಕೆ ಹೊರಟ ಅಧಿಕಾರಿಗಳೂ ಅವರ ಸಲಹೆ ಕೇಳಲು ಅಲ್ಲಿಗೆ ಬರುತ್ತಿದ್ದರು. ಕೊನೆಗಾಲದಲ್ಲಿ ಅವರು ದೃಷ್ಟಿ ಕಳೆದುಕೊಂಡರು. 1883ರಲ್ಲಿ ರಾಯಲ್ ರೆಡ್ ಕ್ರಾಸ್ ಪದಕವೂ, 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವವೂ ಅವರಿಗೆ ಸಂದವು. ಎರಡನೆಯದನ್ನು ಪಡೆದ ಮೊದಲ ಮಹಿಳೆ ಅವರೇ.

1910ರ ಆಗಸ್ಟ್ 13ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ನಿಧನರಾದರು. ರಾಷ್ಟ್ರದ ಗಣ್ಯರಿಗೆ ಮೀಸಲಾದ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಆಹ್ವಾನವನ್ನು ಬಂಧುಗಳು ನಿರಾಕರಿಸಿದರು. ಹ್ಯಾಂಪ್‌ಷೈರ್‌ನ ಈಸ್ಟ್ ವೆಲ್ಲೋ ಗ್ರಾಮದ ಚರ್ಚಿನ ಆವರಣದಲ್ಲಿರುವ ಅವರ ಸಮಾಧಿಯ ಕಲ್ಲಿನ ಮೇಲೆ ಪೂರ್ಣ ಹೆಸರಿಲ್ಲ. ಇರುವುದು ಎರಡು ಮೊದಲಕ್ಷರಗಳು ಮತ್ತು ಜನನ ಮರಣಗಳ ದಿನಾಂಕಗಳು ಮಾತ್ರ.

ಸ್ಮರಣೆ

ಅವರ ಜನ್ಮದಿನವಾದ ಮೇ 12ನ್ನು ಅಂತರರಾಷ್ಟ್ರೀಯ ದಾದಿಯರ ದಿನವಾಗಿ ಆಚರಿಸಲಾಗುತ್ತದೆ. ಭಾರತ ಸರ್ಕಾರವು ಉತ್ತಮ ಸೇವೆ ಸಲ್ಲಿಸಿದ ಶುಶ್ರೂಷಾ ಸಿಬ್ಬಂದಿಗೆ 1973ರಿಂದ ಇವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ನೀಡುತ್ತಿದೆ. ಕರ್ನಾಟಕವೂ ಸೇರಿದಂತೆ ದೇಶದ ನರ್ಸಿಂಗ್ ಕಾಲೇಜುಗಳಲ್ಲಿ ಹೊಸ ವಿದ್ಯಾರ್ಥಿಗಳು ದೀಪ ಹಿಡಿದು ಇವರ ಹೆಸರಿನ ಪ್ರತಿಜ್ಞೆ ಸ್ವೀಕರಿಸುವ ವಾಡಿಕೆಯಿದೆ. ಆ ಪ್ರತಿಜ್ಞೆಯನ್ನು ರಚಿಸಿದವರು ನೈಟಿಂಗೇಲ್ ಅಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಅವರ ಸಹೋದ್ಯೋಗಿಗಳು ಅವರ ಗೌರವಾರ್ಥ ಅದನ್ನು ಸಿದ್ಧಪಡಿಸಿದರು.